ಗಿರಣಿಯ ಮುಂದೆ ಅತ್ತವರು

"ಅದೆಲ್ಲ ಬರೀ ನಾಟಕ ಸಾರ್, ಹಾಗೇ ಬರ್ಕೊಳ್ಳಿ" ಎನ್ನುತ್ತಿದ್ದ ಮಗಳ ಕೈಯಿಂದ ತಾಯಿ ಫೋನ್ ಕಿತ್ತುಕೊಂಡು ಎದೆಗೆ ಅದುಮಿಕೊಂಡಳು. ಆ ಕಡೆ ಪತ್ರಕರ್ತ ಹಲೋ ಹಲೋ ಎಂದು ಒದ್ದಾಡುತ್ತಿದ್ದ. ಬೆಳಿಗ್ಗೆ ತೀರಿಕೊಂಡ ನಟಿಗಾಗಿ ಚಾನೆಲ್‌ಗಳೆಲ್ಲ ಪೈಪೋಟಿಯ ಮೇಲೆ ಶೋಕಿಸುತ್ತಿದ್ದವು. ಎಲ್ಲದರಲ್ಲೂ ಅದೇ ಹಳೆಯ ಸುದ್ದಿಯ ದೃಶ್ಯ: ಸುಟ್ಟ ಗಿರಣಿಯ ಮುಂದೆ, ಆ ಬೆಂಕಿಯಲ್ಲಿ ಗಂಡನನ್ನು ಕಳೆದುಕೊಂಡ ಈ ತಾಯಿಯನ್ನು ನಟಿ ತಬ್ಬಿ ನಿಂತಿದ್ದಾಳೆ. ಒಬ್ಬರ ಭುಜದಲ್ಲಿ ಒಬ್ಬರ ಮುಖ ಹುದುಗಿದೆ. ಎದೆ ಬಿರಿಯುವಂಥ ಅಳು ಮಾತ್ರ ಕೇಳುತ್ತದೆ.

"ಬಿಡಮ್ಮ ಫೋನು! ಕ್ಯಾಮೆರಾ ಇಲ್ದಿದ್ರೆ ಆ ಮಹಾತಾಯಿ ನಮ್ಮ ಕಡೆ ತಲೆ ಹಾಕ್ತಿದ್ಲಾ?"

"ಖಂಡಿತ ಇಲ್ಲ" ಎಂದು ತಾಯಿ ನಕ್ಕಳು. "ಅವಳೂ ಆಗ ಚಿಕ್ಕವಳು, ನಾನೂ ಚಿಕ್ಕವಳು. ಅದೇನ್ ಪೌಡರ್ ವಾಸನೆ ಅಂತೀಯ! ನಾಟಕಾನೇ ಕಣೇ ಅದು. ಆದ್ರೆ ಆ ಅಳು ಸರಿಯಾಗಿ ಕೇಳು. ನನ್ ದನೀನಾ ಅದು?"

ಮಗಳು ಟಿವಿಯ ಸದ್ದು ಏರಿಸಿದಳು. ಚಿಕ್ಕಂದಿನಿಂದ ಅಮ್ಮನದೆಂದೇ ನಂಬಿದ್ದ ಅಳು ಈಗ ಬೇರೆ ಯಾರದೋ ಆಗಿ ಕೇಳಿಸಿತು.

"ನಂಗೆ ಒಂದ್ ಹನಿ ಕಣ್ಣೀರೂ ಬಂದಿರ್ಲಿಲ್ಲ" ಎಂದಳು ತಾಯಿ. "ನಿಮ್ಮಪ್ಪನ ಅಕ್ಕತಂಗೀರು ಹಿಂದೆ ನಿಂತು, ಗಂಡ ಸತ್ರೂ ಕಣ್ಣು ಒದ್ದೆಯಾಗ್ಲಿಲ್ಲ, ಕಲ್ಲು ಇವಳು ಅಂತಿದ್ರು. ಅವಳ ಕಿವಿಗೂ ಬಿತ್ತು. ನನ್ನ ತಲೆ ಭುಜಕ್ಕೊತ್ತಿಕೊಂಡು ಮೆಲ್ಲಗೆ ಅಂದ್ಲು: 'ಅಕ್ಕಾ, ಮುಖ ಮೇಲೆತ್ತಬೇಡಿ. ನಿಮ್ಮ ಪಾಲಿಂದು ನಾನು ಅಳ್ತೀನಿ.'"