ತೂತು ಮುಚ್ಚಿದ ಕೊಡ

“ಓ, ಬಂದೆ!” ಎಂದಳು ಅತ್ತೆ. ಕೋಣೆಯಲ್ಲಿ ಯಾರೂ ಅವಳನ್ನು ಕರೆದಿರಲಿಲ್ಲ.

ಕಂಪ್ಯೂಟರಿನ ಮುಂದಿದ್ದ ಅಣ್ಣನ ಮಗಳ ಬೆರಳು ಕೀಲಿಯ ಮೇಲೆಯೇ ನಿಂತಿತು. ಆ ಕ್ಷಣಕ್ಕೇ ಪರದೆಯ ಗೆರೆ ಚಂಗನೆ ನೆಗೆದಿತ್ತು. ನೆಗೆತಕ್ಕೆ ಸದ್ದಿಲ್ಲ, ಅತ್ತೆ ಪರದೆಗೆ ಬೆನ್ನು ಹಾಕಿ ಕಿಟಕಿಯತ್ತ ಕೂತಿದ್ದಳು.

ಅತ್ತೆಗೆ ಮೂರ್ಛೆರೋಗವಿತ್ತು. ಮೂರ್ಛೆ ಬರುವ ಮುಂಚೆ ತೀರಿಹೋದ ಗಂಡ ಕರೆದಂತಾಗುತ್ತಿತ್ತು. ಸರ್ಜನ್ ತಲೆಯೊಳಗಿಂದ ಕಡಲೆಯಷ್ಟು ಭಾಗ ತೆಗೆದರು. ಮೂರ್ಛೆಯೂ ನಿಂತಿತು, ಕರೆಯೂ ನಿಂತಿತು. ಆ ಚೂರಿನ ಒಂದು ನರಕೋಶವನ್ನು ಅಳೆದು, ಅದರಂತೆಯೇ ನಡೆದುಕೊಳ್ಳುವ ಇನ್ನೊಂದನ್ನು ಹುಡುಗಿ ಕಂಪ್ಯೂಟರಿನಲ್ಲಿ ಬರೀ ಲೆಕ್ಕದಿಂದ ಕಟ್ಟಿದ್ದಳು. ಅದನ್ನು ನೋಡಲೆಂದೇ ಅತ್ತೆ ಬಂದದ್ದು.

“ಈಗೇನು ಮಾಡ್ದೆ ನೀನು?”

“ಏನಿಲ್ಲ ಅತ್ತೆ. ಕೋಶಕ್ಕೆ ಸುತ್ತಲಿಂದ ಸಣ್ಣಸಣ್ಣ ಸಂಕೇತ ಹನಿಹನಿಯಾಗಿ ಬೀಳ್ತಿರತ್ತೆ. ಕೋಶದ ಪೊರೆಯಲ್ಲಿ ತೂತುಗಳಿವೆ, ಅಲ್ಲಿ ಅಯಾನು ಅನ್ನೋ ವಿದ್ಯುತ್ ಕಣಗಳು ಹರಿದು ಅದನ್ನೆಲ್ಲ ಸೋರಿಸಿಬಿಡ್ತವೆ. ತೂತು ಸ್ವಲ್ಪ ಮುಚ್ಚಿದೆ. ಹನಿ ಕೂಡಿಕೊಂಡು ಕೋಶ ಉಕ್ಕಿತು, ಅಷ್ಟೆ.”

“ತೂತು ಕೊಡ ಅನ್ನು. ಇನ್ನೂ ಸ್ವಲ್ಪ ಮುಚ್ಚೇ.”

“ಯಾಕೆ?”

“ನಿಮ್ಮ ಮಾವ ಕರೆದ್ರು. ಬದುಕಿದ್ದಾಗ ಕೂಗಿದ್ದೆಲ್ಲ ‘ಬಡಿಸ್ತೀಯೋ ಇಲ್ವೋ’ ಅಂತ. ಈಗ ಎಷ್ಟು ಮೆತ್ತಗೆ! ಮಾತು ಅರ್ಧಕ್ಕೇ ನಿಂತೋಯ್ತು. ಒಂದೇ ಸಲ ಕಣೇ.”

ಮತ್ತೆ ಮೂರ್ಛೆ ಬಂದರೆ ಜೀವ ಉಳಿಯುವುದು ಕಷ್ಟ ಎಂದು ಸರ್ಜನ್ ಎಚ್ಚರಿಸಿದ್ದರು. ಆದರೆ ಇಲ್ಲಿನ ಲೆಕ್ಕಕ್ಕೂ ಅತ್ತೆಯ ತಲೆಗೂ ಏನು ನಂಟು? ಹುಡುಗಿ ಹಾಗೆಂದು ತನಗೆ ತಾನೇ ಹೇಳಿಕೊಂಡಳು. ತೂತನ್ನು ಇನ್ನೊಂದು ಎಳೆಯಷ್ಟು ಕಿರಿದಾಗಿಸಿದಳು.

ಗೆರೆ ಸಾಲುಸಾಲಾಗಿ ನೆಗೆಯಿತು. ಕಿಟಕಿಯ ಬಳಿ ಅತ್ತೆಯ ಎಡಗೈ ಬೆರಳುಗಳು ಅದೇ ಲಯಕ್ಕೆ ಅದುರತೊಡಗಿದವು. ಮುಖದಲ್ಲಿ ಮಾತ್ರ ಧ್ಯಾನಕ್ಕೆ ಕೂತವರ ಶಾಂತಿ.

“ಅತ್ತೆ!” ಹುಡುಗಿ ಕಂಪ್ಯೂಟರಿನ ತಂತಿಯನ್ನೇ ಕಿತ್ತೆಸೆದಳು. ಪರದೆ ಕಪ್ಪಾಯಿತು. ಬೆರಳುಗಳು ನಿಂತವು.

“ಆರಿಸಿದ್ರೆ ಆರಿಸಮ್ಮ,” ಎಂದಳು ಅತ್ತೆ ನೆಮ್ಮದಿಯಿಂದ. “ಇನ್ನು ಅದರ ಹಂಗು ಬೇಡ.”

ಹುಡುಗಿಗೆ ಹೋದ ಜೀವ ಬಂದಂತಾಯಿತು. ಎದ್ದು ಹೋಗಿ, ಅತ್ತೆಯ ಪಕ್ಕದ ಖಾಲಿ ಕುರ್ಚಿಯಲ್ಲಿ ಕೂರಲು ಬಗ್ಗಿದಳು. ಅತ್ತೆ ಥಟ್ಟನೆ ಅವಳ ರಟ್ಟೆ ಹಿಡಿದು ತಡೆದಳು. ಆಮೇಲೆ ಕುರ್ಚಿಯತ್ತ ನೋಡಿ ನಕ್ಕುಬಿಟ್ಟಳು.

“ಇಷ್ಟು ದೊಡ್ಡೋಳಾಗಿ, ಇನ್ನೂ ಮಾವನ ತೊಡೆ ಮೇಲೇ ಕೂರ್ತೀಯೇನೇ?”