ಹಿಂದಿನ ಸೀಟು

ಎಂಜಿನ್ ಇಲ್ಲದ ಆ ಪುಟ್ಟ ವಿಮಾನದ, ಗ್ಲೈಡರ್‌ನ, ಹಿಂದಿನ ಸೀಟಿಗೆ ಹತ್ತುತ್ತಾ ಮೇಷ್ಟ್ರು, ಮುಂದೆ ಕೂತಿದ್ದ ಶಿಷ್ಯೆಗೆ ಎಂದಿನ ಮಾತನ್ನೇ ಹೇಳಿದರು.

"ನೋಡಮ್ಮ, ನಾನು ಬೈದ್ರೆ ತಪ್ಪು ಮಾಡ್ತಿದೀಯ ಅಂತ. ಸುಮ್ನಿದ್ರೆ ಸರಿಯಾಗಿ ಹಾರಿಸ್ತಿದೀಯ ಅಂತ."

ಕಳೆದ ತಿಂಗಳು ಅವರ ಶಿಷ್ಯನೊಬ್ಬ ನೆಲದ ಹತ್ತಿರ ಸುಳಿಗಾಳಿಗೆ ಸಿಕ್ಕಿ, ಗ್ಲೈಡರ್ ಸಮೇತ ಬಿದ್ದು ಸತ್ತಿದ್ದ. ಹಿಂದೆ ಕೂತಿದ್ದ ಮೇಷ್ಟ್ರು ಬದುಕಿದ್ದರು. ಆಮೇಲೆ ಅವರ ಜೊತೆ ಹಾರಲು ಒಪ್ಪಿದವಳು ಇವಳೊಬ್ಬಳೇ.

ಮೇಲೆ ಗಾಳಿಯ ಸದ್ದು ಬಿಟ್ಟರೆ ಬೇರೇನೂ ಇರಲಿಲ್ಲ. ಇಳಿಯಲೆಂದು ತಿರುಗಿದಾಗ, ಬಿಸಿಲಿಗೆ ಕಾದ ಕಲ್ಲು ಕ್ವಾರಿಯ ಮೇಲೆ ಗಾಳಿ ಗ್ಲೈಡರನ್ನು ಎತ್ತಿ ಕುಕ್ಕಿತು. ಎಡರೆಕ್ಕೆ ಧಡಕ್ಕನೆ ವಾಲಿತು. ನೆಲ ತೀರಾ ಹತ್ತಿರವಿತ್ತು. ಗ್ಲೈಡರಿನ ಮೂಗನ್ನು ಮೇಲೆತ್ತಲು ಅವಳ ಕೈ ತುಡಿಯಿತು. ಎತ್ತಿದರೆ ವೇಗ ಸತ್ತು ಗ್ಲೈಡರ್ ಬೀಳುತ್ತದೆ. ಆ ಹುಡುಗ ಮಾಡಿದ್ದೂ ಅದನ್ನೇ. ಅವಳು ಮೂಗನ್ನು ನೆಲದ ಕಡೆಗೇ ತಗ್ಗಿಸಿದಳು.

"ಸರ್, ಸರೀನಾ?"

ಹಿಂದಿನಿಂದ ಮಾತಿಲ್ಲ. ಹಾಗಾದರೆ ಸರಿ. ತೀರಾ ಕೆಟ್ಟರೆ ಹಿಡಿಯಲು ಅವರ ಮುಂದೆಯೂ ಗ್ಲೈಡರ್ ನಡೆಸುವ ಒಂದು ಹಿಡಿಕೆ ಇದೆಯಲ್ಲ. ಆ ಮೌನ, ಬೆನ್ನ ಮೇಲೆ ಯಾರೋ ಕೈಯಿಟ್ಟಂತಿತ್ತು. ವೇಗ ಬಂತು, ರೆಕ್ಕೆ ನೆಟ್ಟಗಾಯಿತು. ಚಕ್ರ ಹುಲ್ಲಿಗೆ ತಾಗಿ, ಉರುಳಿ, ನಿಂತಿತು.

"ಒಂದ್ಸಲಾನೂ ಬೈಲಿಲ್ಲ ನೀವು!" ನಗುತ್ತಾ ಬೆಲ್ಟ್ ಬಿಚ್ಚಿ ಹಿಂದಕ್ಕೆ ತಿರುಗಿದಳು.

ಮೇಷ್ಟ್ರು ಎರಡೂ ಕೈಯಲ್ಲಿ ಬೆಲ್ಟನ್ನು ಅವುಚಿಕೊಂಡು, ಕಣ್ಣು ಬಿಗಿಯಾಗಿ ಮುಚ್ಚಿ ಕೂತಿದ್ದರು.

"ಇಳಿದ್ವಾ?" ಎಂದರು.