ಆಗಸ್ಟಿನ ಕುಸ್ವಾರ್

ಆಗಸ್ಟ್ ಮುಗಿಯುವ ಮೊದಲೇ ಸೆವ್ರಿನ್ ಬಾಯಿ ಬಾಲಯೇಸುವಿನ ಗೋದಲಿ ಕಟ್ಟಿ, ಕ್ರಿಸ್ಮಸ್ಸಿನ ಕುಸ್ವಾರ್ ತಿಂಡಿಗಳಾದ ನೆವ್ರಿ, ಕಿಡಿಯೊ ಕರಿದು ಡಬ್ಬಿ ತುಂಬಿಸಿದಳು. ಊರಿನ ಅಕ್ಕಿ ಎಲ್ಲರಿಗೂ ಸಾಲದಾದ ಮೇಲೆ ಅರ್ಧ ಜನ ಆರು ತಿಂಗಳು ಎಚ್ಚರವಿದ್ದರೆ ಉಳಿದವರು ಆ ಆರು ತಿಂಗಳು ನಿದ್ದೆ ಮಾಡಬೇಕಿತ್ತು. ಡಿಸೆಂಬರ್ ಅವಳ ನಿದ್ದೆಯ ಪಾಲಿಗೆ ಬಂದಿತ್ತು; ಪ್ರತಿ ವರ್ಷ ಸೆಪ್ಟೆಂಬರಿನಲ್ಲಿ ಅವಳು ಮಲಗುವ ದಿನವೇ ಗಂಡ ಗ್ರೆಗರಿ ಏಳುತ್ತಿದ್ದ. ನಿದ್ದೆಮನೆಯ ಬಾಗಿಲಲ್ಲಿ ಅರ್ಧ ಗಂಟೆ ಮಾತಾಡಿ, ಹಬ್ಬದ ತಿಂಡಿ ಅವನ ಕೈಗಿಟ್ಟು ಅವಳು ಒಳಗೆ ಹೋಗುತ್ತಿದ್ದಳು.

ಈ ಸಲ ಡಬ್ಬಿ ಹಿಡಿದು ಹೋದರೆ ಅವನಿನ್ನೂ ಮಲಗಿಯೇ ಇದ್ದ.

"ಅವರು ಇನ್ನೊಂದು ವರ್ಷ ಏಳುವುದಿಲ್ಲ ಬಾಯಮ್ಮ," ಎಂದಳು ನರ್ಸ್ ಮೆಲ್ಲಗೆ. "ಮಲಗುವಾಗಲೇ ಬರೆದುಕೊಟ್ಟಿದ್ದಾರೆ. ಒಬ್ಬನೇ ಕೂತು ಹಬ್ಬದ ತಿಂಡಿ ತಿಂದು ಸಾಕಾಯ್ತು ಅಂದರು."

"ನನಗೆ ಯಾಕೆ ಹೇಳಲಿಲ್ಲ?"

"ನೀವು ಬೇಜಾರು ಮಾಡ್ಕೊಳ್ತೀರಿ ಅಂತ."

ಸೆವ್ರಿನ್ ಬಾಯಿ ಅವನ ತಲೆ ಸವರುತ್ತಾ ತುಂಬ ಹೊತ್ತು ನಿಂತಳು. ಸಿಟ್ಟು ಬರಲಿಲ್ಲ. ಒಬ್ಬಳೇ ಉಂಡು ಉಂಡು ಅವಳಿಗೂ ಸಾಕಾಗಿತ್ತು. ಡಬ್ಬಿಯನ್ನು ನರ್ಸಿಗೆ ಕೊಟ್ಟು, "ಹಬ್ಬಕ್ಕೆ ನೀನು ಎಚ್ಚರ ಇರ್ತೀಯಲ್ಲ, ಮನೆಯವರ ಜೊತೆ ತಿನ್ನು. ನನಗೆ ಇವರ ಪಕ್ಕದ ಮಂಚ ಸಿಗ್ತದಾ?" ಎಂದು ಕೇಳಿದಳು.

ಮಂಚ ಸಿಕ್ಕಿತು. ಒಂಬತ್ತು ವರ್ಷಗಳಲ್ಲಿ ಮೊದಲ ಸಲ ಗಂಡ ಹೆಂಡತಿ ಒಟ್ಟಿಗೆ ಮಲಗಿದರು.